‘ಇನ್ನು ಮೂರೇ ವರ್ಷ, ಹೇಗೋ ಮುಗಿಸಿಬಿಡು’

ಎಂಜಿನಿಯರಿಂಗ್ ಮೊದಲ ವರ್ಷ ಮುಗಿಸಿದ ಮಕ್ಕಳು ‘ಈ ಕಾಲೇಜು ಬೇಡ’ ಎಂದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಇದು. ಜೊತೆಗೆ ‘ಅಲ್ಲಿ ಪ್ಲೇಸ್‌ಮೆಂಟ್ ಚೆನ್ನಾಗಿದೆಯಂತೆ’ ಎಂಬ ಒಗ್ಗರಣೆ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಮನಸ್ಸಿಲ್ಲದವರು ಮೊದಲು ತಪ್ಪಿಸುವುದೇ ತರಗತಿಯನ್ನು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಕೇಳುವ ಹಾಜರಾತಿ ಶೇ 85. ಅದು ಕೈಕೊಟ್ಟರೆ ಪರೀಕ್ಷೆ ಇಲ್ಲ, ವಿಷಯ ಬಾಕಿ. ಬ್ಯಾಕ್‌ಲಾಗ್ ಇರುವವರನ್ನು ಎಷ್ಟೋ ಕಂಪನಿಗಳು ಬಾಗಿಲಲ್ಲೇ ನಿಲ್ಲಿಸುತ್ತವೆ. ಪ್ಲೇಸ್‌ಮೆಂಟ್ ಚೆನ್ನಾಗಿರುವ ಕಾಲೇಜಿನಲ್ಲಿದ್ದೂ ಕೆಲಸ ಕಳೆದುಕೊಳ್ಳುವುದು ಹೀಗೆಯೇ.

ಹಾಗೆಂದು ಬದಲಿಸಿಬಿಡಿ ಎಂದೂ ಹೇಳಲಾರೆ. ನನ್ನ ತಂಗಿಯ ಮಗಳು ಹಾಸನದಿಂದ ಬಂದು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. “ಮಾವ, ನನಗೆ ಅಲ್ಲಿ ಇರಲು ಆಗುತ್ತಿಲ್ಲ” ಎಂದಳು. ದಿನದಲ್ಲಿ ಯಾವ ಹೊತ್ತು ಹೆಚ್ಚು ಸಂಕಟವಾಗುತ್ತದೆ ಎಂದು ಕೇಳಿದೆ. “ಊಟದ ಹೊತ್ತು” ಎಂದಳು. ಇಲ್ಲಿಯದೇ ಪಿಯು ಕಾಲೇಜುಗಳಿಂದ ಬಂದವರು ತಮ್ಮ ತಮ್ಮ ಗುಂಪಿನಲ್ಲಿ ಕೂರುತ್ತಾರೆ. ಇವಳು ಪಿಜಿಯವರು ಕಟ್ಟಿಕೊಟ್ಟ ತಣ್ಣನೆಯ ಚಿತ್ರಾನ್ನವನ್ನು ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ತಿನ್ನುತ್ತಾಳೆ. ಆಮೇಲೆ ಲ್ಯಾಬ್ ವಿಷಯ ಬಂತು. ವಿದ್ಯುತ್ ತರಂಗವನ್ನು ಪರದೆಯ ಮೇಲೆ ತೋರಿಸುವ ಒಂದು ಆಸಿಲೋಸ್ಕೋಪ್ ಸುತ್ತ ಆರು ಜನ. ಒಬ್ಬ ಗುಂಡಿ ತಿರುಗಿಸುತ್ತಾನೆ, ಉಳಿದವರು ಹಿಂದಿನ ವರ್ಷದವರ ರೆಕಾರ್ಡ್ ನೋಡಿ ತರಂಗದ ಚಿತ್ರ ಇಳಿಸಿಕೊಳ್ಳುತ್ತಾರೆ, ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಸಹಿ ಹಾಕುತ್ತಾರೆ.

ಇವೆರಡೂ ಒಂದೇ ಬಗೆಯ ದುಃಖವಲ್ಲ. ಊಟದ ಹೊತ್ತಿನ ಒಂಟಿತನ ಹೊಸ ಕಾಲೇಜಿಗೂ ಬೆನ್ನು ಹತ್ತಿ ಬರಬಹುದು. ಮೂರನೇ ಸೆಮಿಸ್ಟರಿಗೆ ಹೋಗಿ ಸೇರಿದವರಿಗೆ ಅಲ್ಲಿನ ಗುಂಪುಗಳು ಇನ್ನೂ ಗಟ್ಟಿಯಾಗಿರುತ್ತವೆ. ಲ್ಯಾಬ್‌ನ ದುಃಖ ಮಾತ್ರ ಕಾಲೇಜಿನದೇ. ಅದನ್ನು ಅಲ್ಲೇ ಬಿಟ್ಟು ಹೋಗಬಹುದು.

ಹೋಗುವುದೂ ಅಷ್ಟು ಸಲೀಸಲ್ಲ. ವಿಟಿಯು ಅಡಿಯ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಎರಡನೇ ವರ್ಷದ ಆರಂಭದಲ್ಲಿ ಹೋಗಬೇಕೆಂದರೆ ಅಲ್ಲಿ ಸೀಟು ಖಾಲಿ ಇರಬೇಕು, ಎರಡೂ ಕಾಲೇಜುಗಳು ಒಪ್ಪಬೇಕು, ವಿಶ್ವವಿದ್ಯಾಲಯದ ಅನುಮತಿ ಬೇಕು. ಸ್ವಾಯತ್ತ ಕಾಲೇಜಾದರೆ ಪದವಿ ವಿಟಿಯುದ್ದೇ ಆದರೂ ಪಠ್ಯಕ್ರಮ ಅವರದೇ. ಓದಿದ ವಿಷಯ ಹೊಂದದಿದ್ದರೆ ಕೆಲವನ್ನು ಮತ್ತೆ ಬರೆಯಬೇಕಾದೀತು. ಇದಕ್ಕಿಂತ ದೊಡ್ಡ ತಲೆನೋವು, ಉಳಿದ ವರ್ಷಗಳ ಶುಲ್ಕವನ್ನೂ ಕಟ್ಟಿ ಟಿಸಿ ತೆಗೆದುಕೊಂಡು ಹೋಗಿ ಎನ್ನುವ ಆಡಳಿತ ಮಂಡಳಿಗಳು. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಅದನ್ನು ಮುದ್ರಿಸಿಕೊಂಡು ಹೋಗಿ, ಜೊತೆಗೆ ದನಿ ಏರಿಸದೆ ವಾದಿಸಬಲ್ಲ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋಗಿ.

ಯಾವ ಕಂಪನಿ ಯಾವ ಕಾಲೇಜಿಗೆ ಬರುತ್ತದೆ ಎನ್ನುವುದು ಮುಖ್ಯವಲ್ಲ ಎಂದು ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ರಸ್ತೆ ಬದಿಯ ಫಲಕದಲ್ಲಿ ಮಿಂಚುವ ‘ಅತ್ಯಧಿಕ ಪ್ಯಾಕೇಜ್’ ಯಾರೋ ಒಬ್ಬನದು. ನಿಮ್ಮದೇ ವಿಭಾಗದ ಸಾಧಾರಣ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು, ಎಷ್ಟು ಜನ ಬರಿಗೈಯಲ್ಲಿ ಉಳಿದರು ಎಂದು ಕೊನೆಯ ವರ್ಷದವರನ್ನು ಕ್ಯಾಂಟೀನಿನಲ್ಲಿ ಕೇಳಿ, ಪ್ಲೇಸ್‌ಮೆಂಟ್ ಅಧಿಕಾರಿಯನ್ನಲ್ಲ. ಇನ್ನು ಎಂ.ಟೆಕ್ ಕಡೆ ಮನಸ್ಸಿದ್ದರೆ ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು. ಅಲ್ಲಿನ ಅಂಕ ನಿಮ್ಮ ಕಾಲೇಜಿನ ಹೆಸರು ನೋಡಿ ಬರುವುದಿಲ್ಲ.

ತಂಗಿಯ ಮಗಳಿಗೆ ಹೇಳಿದ್ದೇನೆ: ಹೋಗಬೇಕೆಂದಿರುವ ಕಾಲೇಜಿನ ಲ್ಯಾಬ್ ನಡೆಯುವ ಹೊತ್ತಿನಲ್ಲೇ ಹೋಗಿ ಒಂದು ಮೇಜಿಗೆ ಎಷ್ಟು ಜನ ಎಂದು ಎಣಿಸಿಕೊಂಡು ಬಾ. ಇಬ್ಬರೋ ಮೂವರೋ ಇದ್ದರೆ ನಿನ್ನಮ್ಮನ ಹತ್ತಿರ ನಾನು ಮಾತನಾಡುತ್ತೇನೆ. ಅಲ್ಲೂ ಆರು ಜನವೇ ಇದ್ದರೆ, ಬದಲಿಸಲು ಖರ್ಚಾಗುವ ಹಣದಲ್ಲಿ ಸಣ್ಣದೊಂದು ಭಾಗ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಬೇಕಾದ ಬಿಡಿಭಾಗಗಳನ್ನು ತಂದು ಪಿಜಿಯ ಮೇಜಿನ ಮೇಲೇ ಪ್ರಯೋಗ ಮಾಡೋಣ. ತಂಗಿ ಇನ್ನೂ ನನ್ನ ಮೇಲೆ ಮುನಿಸಿಕೊಂಡೇ ಇದ್ದಾಳೆ.