ಅಮ್ಮನ ಫೋನು, ನನ್ನ ಸ್ಕ್ರೂಡ್ರೈವರು

ಮೊದಲೆಲ್ಲ ಫೋನಿನ ಬೆನ್ನು ಬಿಚ್ಚೋಕೆ ಒಂದು ಉಗುರು ಸಾಕಿತ್ತು. ಕೈಜಾರಿ ಬಿದ್ದರೆ ಮುಚ್ಚಳ ಸೋಫಾ ಕೆಳಗೆ, ಬ್ಯಾಟರಿ ಬಾಗಿಲ ಹತ್ತಿರ. ಹುಡುಕಿ ಜೋಡಿಸಿದರೆ ಮತ್ತೆ ‘ಹಲೋ’. ಈಗಿನವಕ್ಕೆ ಸುತ್ತ ಅಂಟು ಹಾಕಿ ಮುಚ್ಚಿರುತ್ತಾರೆ. ಹಾಗಂತ ಸುಮ್ನೆ ಬಿಡೋಕಾಗುತ್ತಾ? ಅಮ್ಮನ ಫೋನು ಚಾರ್ಜ್ ಆಗದೆ ಪೂರ್ತಿ ಸತ್ತಿತ್ತು. ಸಯ್ಯಾಜಿರಾವ್ ರಸ್ತೆ ಕಡೆಯ ರಿಪೇರಿಯವರೊಬ್ಬರು ಕೈಗೂ ತಗೊಳ್ಳದೆ “ಹೊಸದೇ ತಗೊಳ್ಳಿ ಸಾರ್” ಅಂದಿದ್ದರು. ಬಿಚ್ಚಿ ನೋಡೋಕೆ ಇದಕ್ಕಿಂತ ಒಳ್ಳೇ ನೆಪ ಬೇಕಾ?

ಹೆಂಡತಿಯ ಹೇರ್ ಡ್ರೈಯರ್ ತಂದು ಅಂಚಿಗೆ ಬಿಸಿ ಹಿಡಿದೆ. “ರೀ, ಬ್ಯಾಟರಿ ಸಿಡಿಯುತ್ತಂತೆ” ಅಂತ ಅಡುಗೆಮನೆಯಿಂದಲೇ ಎಚ್ಚರಿಕೆ ಬಂತು. ಸುಳ್ಳಲ್ಲ, ಲಿಥಿಯಂ ಬ್ಯಾಟರಿಗೆ ಏನಾದರೂ ಚುಚ್ಚಿದರೆ ಹೊತ್ತಿಕೊಳ್ಳಬಹುದು. ಅದಕ್ಕೇ ಹಳೇ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಮುಚ್ಚಳ ಎಬ್ಬಿಸಿದೆ. ಆ ಕಾರ್ಡಿನಿಂದ ಏನಾದರೂ ಹೊರಬಂದು ಬಹಳ ಕಾಲ ಆಗಿತ್ತು.

ಒಳಗೆ ನೋಡಿದರೆ ಹೆಚ್ಚಿನ ಜಾಗ ಬ್ಯಾಟರಿಯದೇ. ಅಷ್ಟು ದುಡ್ಡು ಕೊಟ್ಟ ಫೋನಿನ ಬುದ್ಧಿಯೆಲ್ಲ ಮೇಲ್ಗಡೆಯ ಒಂದು ತುಂಡು ಬೋರ್ಡಿನಲ್ಲಿ, ತಗಡಿನ ಮುಚ್ಚಳದ ಕೆಳಗೆ. ಕೆಳಗಡೆ ಇನ್ನೊಂದು ಪುಟ್ಟ ಬೋರ್ಡು. ಚಾರ್ಜಿಂಗ್ ಪೋರ್ಟು, ಮೈಕು ಎಲ್ಲ ಅಲ್ಲೇ. ಎರಡನ್ನೂ ಸೇರಿಸೋ ತೆಳು ಪಟ್ಟಿಯ ತುದಿ ರವಿಕೆಯ ಟಿಚ್ ಬಟನ್ ಥರ, ಒತ್ತಿದರೆ ‘ಟಕ್’ ಅಂತ ಕೂರುತ್ತೆ.

ಸ್ಕ್ರೂಗಳದ್ದೇ ತಲೆನೋವು. ತಲೆ ಒಂದೇ, ಉದ್ದ ಬೇರೆ ಬೇರೆ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಬೋರ್ಡೇ ಹೋಗುತ್ತೆ. ಹಾಳೆ ಮೇಲೆ ಫೋನಿನ ಚಿತ್ರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಇಟ್ಟೆ. ನನ್ನ ಶಿಸ್ತಿಗೆ ನಾನೇ ತಲೆದೂಗುತ್ತಿದ್ದಾಗ ಅಮ್ಮ ಬಂದರು.

“ಏನ್ ಸೆಕೆನೋ! ಹಿಂಗ್ ಬೆವರ್ತಾ ಇದ್ದೀಯ, ಫ್ಯಾನ್ ಹಾಕ್ಕೋಬಾರ್ದಾ?”

ಹಾಕಿಯೇಬಿಟ್ಟರು. ರೆಗ್ಯುಲೇಟರ್ ಐದರಲ್ಲಿತ್ತು.

ಆಮೇಲೆ ಮನೆಮಂದಿಯೆಲ್ಲ ನೆಲದ ಮೇಲೆ. ಮಗಳು ಟಾರ್ಚ್ ಹಿಡಿದಳು, ಹೆಂಡತಿ ಪೊರಕೆ ಹಿಡಿದಳು (ಗುಡಿಸೋಕೇ ಅಂತ ನಂಬಿದ್ದೇನೆ). ಒಂದನ್ನು ಬಿಟ್ಟು ಎಲ್ಲ ಸಿಕ್ಕವು. ಸೋಫಾ ಸರಿಸಿದ್ದಾಯ್ತು, ಮ್ಯಾಟ್ ಒದರಿದ್ದಾಯ್ತು. ಕೊನೆಗೆ ಮಗಳೇ ಕಂಡುಹಿಡಿದಳು. ಸ್ಕ್ರೂ ದೂರ ಹೋಗಿರಲೇ ಇಲ್ಲ, ಸ್ಪೀಕರಿನ ಬೆನ್ನಿಗೆ ಅಂಟಿಕೊಂಡು ಕೂತಿತ್ತು. ಸ್ಪೀಕರ್ ಒಳಗೆ ಅಯಸ್ಕಾಂತ ಇರುತ್ತಲ್ಲ!

ಇನ್ನು ಚಾರ್ಜಿಂಗ್ ಪೋರ್ಟು. ಹಲ್ಲುಕಡ್ಡಿಯಿಂದ ಕೆರೆದರೆ ಕೆಂಪು ಪುಡಿ ಉದುರಿತು. ತುಕ್ಕು ಅಂದುಕೊಂಡು ಮೂಸಿದೆ. ಕುಂಕುಮ! ಮೈಸೂರಲ್ಲಿ ಆಯುಧಪೂಜೆ ಅಂದರೆ ಅರಮನೆಯ ಪಟ್ಟದ ಕತ್ತಿಯಿಂದ ಹಿಡಿದು ಮನೆಯ ಈಳಿಗೆಮಣೆವರೆಗೆ ಯಾವುದಕ್ಕೂ ವಿನಾಯಿತಿ ಇಲ್ಲ. ಅಮ್ಮ ಫೋನನ್ನೂ ಸಾಲಿನಲ್ಲಿ ನಿಲ್ಲಿಸಿದ್ದರು. ಭಕ್ತಿ ಸ್ವಲ್ಪ ಜಾಸ್ತಿಯಾಗಿ ಪೋರ್ಟಿನೊಳಗೂ ಇಳಿದಿತ್ತು. ಅದು ಗಟ್ಟಿಯಾಗಿ, ಪಿನ್ನು ಪೂರ್ತಿ ಒಳಗೆ ಕೂರುತ್ತಲೇ ಇರಲಿಲ್ಲ.

ಬ್ರಷ್ಷಿನಲ್ಲಿ ಉಜ್ಜಿ, ಅಂಟು ಹಚ್ಚಿ, ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಚಾರ್ಜಿಗೆ ಹಾಕಿದರೆ ಬ್ಯಾಟರಿ ಗುರುತು ಮೂಡಿತು. ಅಮ್ಮ ಎರಡೂ ಕೈ ಮುಗಿದರು.

“ಅವತ್ತು ಪೂಜೆ ಮಾಡಿದ್ದಕ್ಕೇ ಕಣೋ ಉಳ್ಕೊಂಡಿದ್ದು” ಅಂದವರೇ ದೇವರಮನೆಯಿಂದ ಕುಂಕುಮದ ಬಟ್ಟಲು ತರೋಕೆ ಹೋದರು.