ನಡೆಯುತ್ತಿರುವ ಉದ್ದಿಮೆಗೆ ಅನುದಾನ ಯಾರು ಕೊಡುತ್ತಾರೆ?

"ಹೊಸದಾಗಿ ಶುರು ಮಾಡೋರಿಗೆ ಎಲ್ಲರೂ ದುಡ್ಡು ಕೊಡ್ತಾರೆ, ಹತ್ತು ವರ್ಷದಿಂದ ನಡೆಸ್ಕೊಂಡು ಬಂದೋರನ್ನ ಕೇಳೋರೇ ಇಲ್ಲ." ಸಣ್ಣ ಉದ್ದಿಮೆದಾರರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಅರ್ಧ ನಿಜ. ಹೊಸಬರ ಜೊತೆ ಫೋಟೋ ಚೆನ್ನಾಗಿ ಬರುತ್ತದೆ, ಹಾಗಾಗಿ ಅವರ ಯೋಜನೆಗಳಿಗೇ ಪ್ರಚಾರ ಜಾಸ್ತಿ. ಆದರೆ ಅರ್ಜಿ ಹಾಕುವ ವಿಷಯಕ್ಕೆ ಬಂದರೆ ಹಳಬರದ್ದೇ ಮೇಲುಗೈ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಒಂದು ಭ್ರಮೆ ಬಿಡಬೇಕು. ಬಿಸಿನೆಸ್ ಬೆಳೆಸಿಕೊಳ್ಳಿ ಅಂತ ಸುಮ್ನೆ ಯಾರೂ ಹಣ ಕೊಡುವುದಿಲ್ಲ. ಅಮೆರಿಕದಲ್ಲಿ ಸಣ್ಣ ಉದ್ದಿಮೆಗಳಿಗೆಂದೇ ಇರುವ ಸರ್ಕಾರಿ ಸಂಸ್ಥೆ ಎಸ್‌ಬಿಎ. ವ್ಯಾಪಾರ ಶುರು ಮಾಡಲು, ವಿಸ್ತರಿಸಲು ಅನುದಾನ ಕೊಡುವುದಿಲ್ಲ ಅಂತ ಅದೇ ಹೇಳುತ್ತದೆ. ಅಲ್ಲಿ 1982ರ ಕಾನೂನಿನಿಂದ ಬಂದ ಎಸ್‌ಬಿಐಆರ್ ಯೋಜನೆ ಸಣ್ಣ ಕಂಪನಿಗಳಿಗೆ ದೊಡ್ಡ ಮೊತ್ತವನ್ನೇ ಕೊಟ್ಟಿದೆ. ಆದರೆ ಅದು ಸಂಶೋಧನೆಗೆ, ಅಂಗಡಿ ದೊಡ್ಡದು ಮಾಡಲಿಕ್ಕಲ್ಲ. ಕೊಡುವವರಿಗೆ ಅವರದೇ ಗುರಿ ಇರುತ್ತದೆ: ಇಂಧನ ಉಳಿತಾಯ, ರಫ್ತು, ಕೆಲಸಗಾರರ ತರಬೇತಿ, ಹಿಂದುಳಿದ ಪ್ರದೇಶದಲ್ಲಿ ಉದ್ಯೋಗ. ಆದ್ದರಿಂದ "ಸಣ್ಣ ಉದ್ದಿಮೆಗೆ ಅನುದಾನ" ಅಂತ ಹುಡುಕಿದರೆ ಕಸವೇ ಜಾಸ್ತಿ ಸಿಗುತ್ತದೆ. ನೀವು ಮುಂದಿನ ವರ್ಷ ಹೇಗೂ ಮಾಡಬೇಕೆಂದಿರುವ ಕೆಲಸ ಯಾವುದು, ಅದು ಆದರೆ ಯಾರ ಗುರಿ ಈಡೇರುತ್ತದೆ ಅಂತ ನೋಡಿ. ವಿದ್ಯುತ್ ಕಂಪನಿ, ರಫ್ತು ಮಂಡಳಿ, ತರಬೇತಿ ಇಲಾಖೆ, ನಿಮ್ಮದೇ ಉದ್ಯಮದ ಸಂಘ, ಇವರನ್ನೆಲ್ಲ ಕೇಳಿ.

ಹಳಬರ ಬಲ ಇರುವುದು ಇಲ್ಲೇ. "ನಮ್ಮ ಬಾಯ್ಲರ್ ಹಳೆಯದಾಗಿದೆ, ಹೊಸದಕ್ಕೆ ನೆರವು ಬೇಕು" ಅಂತ ಬರೆದರೆ ಅದು ನಿಮ್ಮ ಕಷ್ಟ, ಅಷ್ಟೇ. ಓದುವವರಿಗೆ ಅಂಥ ಅರ್ಜಿ ರಾಶಿ ಬಂದಿರುತ್ತದೆ. ಅದರ ಬದಲು ಹಿಂದಿನ ಮೂರು ವರ್ಷದ ಇಂಧನದ ಬಿಲ್ ಜೋಡಿಸಿ. ಒಂದು ಟನ್ ಮಾಲಿಗೆ ಈಗ ಎಷ್ಟು ಸುಡುತ್ತಿದ್ದೇವೆ, ಹೊಸದು ಬಂದರೆ ಎಷ್ಟು ಕಮ್ಮಿಯಾಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಿ. ಆಗ ಅದು ಅವರ ಗುರಿಗೆ ಸಿಕ್ಕ ಪುರಾವೆ. ನಿನ್ನೆ ಶುರುವಾದ ಕಂಪನಿ ಎಷ್ಟೇ ಚಂದದ ಸ್ಲೈಡ್ ಮಾಡಿದರೂ ಆ ಹಳೇ ಬಿಲ್ಲುಗಳನ್ನು ಎಲ್ಲಿಂದ ತರುತ್ತದೆ? ನಾವೋ, ಅವನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿರುತ್ತೇವೆ.

ಇನ್ನು ಯಾರೂ ಜೋರಾಗಿ ಹೇಳದ ವಿಷಯ. ಬಹಳಷ್ಟು ಅನುದಾನಗಳು ಖರ್ಚು ಮಾಡಿದ ಮೇಲೆ ಬರುತ್ತವೆ, ಅದೂ ಪೂರ್ತಿ ಅಲ್ಲ. ಯಂತ್ರದ ಬೆಲೆಯಲ್ಲಿ ಅರ್ಧ ಅನುದಾನ ಅಂತಿಟ್ಟುಕೊಳ್ಳಿ. ಮೊದಲು ಪೂರ್ತಿ ಹಣ ನೀವೇ ಕಟ್ಟಬೇಕು. ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಾವತಿಯ ದಾಖಲೆ ಎಲ್ಲ ಕಳಿಸಬೇಕು. ಯಾರೋ ಬಂದು ಯಂತ್ರ ನೋಡಬೇಕು. ಒಂದು ಕಾಗದ ಕಮ್ಮಿಯಾದರೆ ಕಡತ ಅಲ್ಲೇ ಕೂತುಬಿಡುತ್ತದೆ. ಅಲ್ಲಿಯವರೆಗೆ ಸಾಲದ ಬಡ್ಡಿ, ಸಂಬಳ, ಕಚ್ಚಾಮಾಲು ಯಾವುದೂ ಕಾಯುವುದಿಲ್ಲ. ಅನುದಾನ ಮಂಜೂರಾಗಿಯೂ ಕೈಯಲ್ಲಿ ದುಡ್ಡಿಲ್ಲದೆ ಒದ್ದಾಡುವುದು ಹೀಗೇ. ಅರ್ಜಿ ಹಾಕುವ ಮೊದಲೇ ಬ್ಯಾಂಕಿನವರ ಜೊತೆ ಮಾತಾಡಿಕೊಳ್ಳುವುದು ಒಳ್ಳೆಯದು.

ಆರ್ಡರ್ ಕೊಡಲು ಅವಸರ ಬೇಡ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಬಹುತೇಕ ಸರ್ಕಾರಿ ನೆರವಿಗೆ ಅರ್ಜಿ ಮೊದಲು, ಕೆಲಸ ಆಮೇಲೆ. ಯಂತ್ರಕ್ಕೆ ಗಟ್ಟಿ ಆರ್ಡರ್ ಕೊಟ್ಟರೆ ಕೆಲಸ ಶುರುವಾದ ಹಾಗೇ ಲೆಕ್ಕ. ಅವರ ವಾದ ಸರಳ: ನೆರವಿಲ್ಲದೆಯೇ ಆರ್ಡರ್ ಕೊಟ್ಟಿದ್ದೀರಲ್ಲ, ಮತ್ತೆ ನೆರವು ಯಾಕೆ? ಬೇರೆ ಕಡೆಯೂ ಇಂಥ ಷರತ್ತು ಸಾಮಾನ್ಯ. ಕೊಟೇಶನ್ ತರಿಸಿಕೊಳ್ಳಿ, ಮುಂಗಡ ಕೊಡಬೇಡಿ. ಕೊಂಡ ಯಂತ್ರವನ್ನು ಇಂತಿಷ್ಟು ವರ್ಷ ಮಾರಬಾರದು ಅನ್ನುವ ಷರತ್ತೂ ಇರಬಹುದು, ಮೀರಿದರೆ ಹಣ ವಾಪಸ್ ಕೇಳುತ್ತಾರೆ. ತೆರಿಗೆ ಲೆಕ್ಕ ಹೇಗೆ ಅಂತ ಆಡಿಟರ್ ಹತ್ತಿರ ಮೊದಲೇ ಕೇಳಿಬಿಡಿ.

"ನಿಮಗೆ ಅನುದಾನ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ಅರ್ಜಿಯೇ ಹಾಕದವರಿಗೆ ಮಂಜೂರಾಗುವುದು ಹೇಗೆ, ಅಲ್ವಾ? ಅರ್ಜಿ ಬರೆದುಕೊಡುವ ಕನ್ಸಲ್ಟೆಂಟ್‌ಗಳಲ್ಲಿ ಒಳ್ಳೆಯವರಿದ್ದಾರೆ. ಆದರೆ ನಿಮ್ಮ ಲೆಕ್ಕದ ಪುಸ್ತಕ ನೋಡದೆಯೇ "ಗ್ಯಾರಂಟಿ" ಅನ್ನುವವರ ಹತ್ತಿರ ಹೋಗಬೇಡಿ.

ತಿರಸ್ಕಾರವಾದರೆ ಕಾರಣ ಕೇಳಿ. ಅಂಕ ಹಾಕಿ ಆರಿಸುವ ಕಡೆ ಯಾವುದಕ್ಕೆ ಎಷ್ಟು ಅಂಕ ಬಂತು ಅಂತ ಎಷ್ಟೋ ಸಲ ಹೇಳುತ್ತಾರೆ. ಇಂಥ ಯೋಜನೆಗಳು ಮತ್ತೆ ಅರ್ಜಿ ಕರೆಯುವುದೂ ಉಂಟು. ಆಗ ಅದೇ ಅರ್ಜಿಯಲ್ಲಿ ಅಂಕ ಕಮ್ಮಿ ಬಿದ್ದ ಭಾಗವನ್ನಷ್ಟೇ ತಿದ್ದಿ ಹಾಕಬಹುದು.