ಓಝಿಗೊಂದು ಚೆಂಡುಹೂವಿನ ಹಾರ

"ಎಂಟು ದಿನ ಹಾಗೇ ಇಟ್ಕೊಂಡಿದ್ದಾರಾ?" ಫೋನಿನಲ್ಲಿ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಬ್ಲ್ಯಾಕ್ ಸಬ್ಬತ್ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಓಝಿ ಓಸ್ಬೋರ್ನ್ ಯಾರು ಅಂತ ಅಮ್ಮನಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ 2025ರ ಜುಲೈ 22ರಂದು ಸತ್ತವನ ಮೆರವಣಿಗೆ 30ಕ್ಕೆ ಅಂದರೆ, ಅಲ್ಲಿಯವರೆಗೆ ಆ ಮನೆಯಲ್ಲಿ ಒಲೆ ಹಚ್ಚುತ್ತಾರೋ ಇಲ್ಲವೋ ಅನ್ನೋದು ಅವಳ ಚಿಂತೆ.

ಇಲ್ಲಿ ಹಾಗೇ. ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬಂದು ವರ್ಷಗಳಾದವು, ಇದಿನ್ನೂ ಒಗ್ಗಿಲ್ಲ. ಯಾರಾದರೂ ತೀರಿಕೊಂಡರೆ ಎರಡು ವಾರ, ಕೆಲವೊಮ್ಮೆ ಮೂರು ವಾರ ಬಿಟ್ಟು ಅಂತ್ಯಕ್ರಿಯೆ. ಮಧ್ಯದಲ್ಲಿ ಆಫೀಸಿಗೂ ಬರುತ್ತಾರೆ. ನಮ್ಮಲ್ಲಾದರೆ ಬೆಳಿಗ್ಗೆ ಹೋದರೆ ಸಂಜೆಯೊಳಗೆ ಮುಗಿಸುವ ಆತುರ.

30ರಂದು ಬ್ರಾಡ್ ಸ್ಟ್ರೀಟಿನಲ್ಲಿ ಸಾವಿರಾರು ಜನರ ಜೊತೆ ನಾನೂ ನಿಂತಿದ್ದೆ. ಕಾಲುವೆಯ ಮೇಲಿನ ಪುಟ್ಟ ಸೇತುವೆಗೆ ಬ್ಲ್ಯಾಕ್ ಸಬ್ಬತ್ ಹೆಸರು. ಅಲ್ಲೊಂದು ಬೆಂಚು, ಅದರ ಮೇಲೆ ಬ್ಯಾಂಡಿನ ನಾಲ್ವರ ಮುಖ. ಬೆಂಚು ಕಾಣದಷ್ಟು ಹೂವು. ಹೂವಿನ ಮಧ್ಯೆ ಬಿಯರ್ ಕ್ಯಾನು, ಆಟಿಕೆಯ ಬಾವಲಿ. 1982ರಲ್ಲಿ ಓಝಿ ವೇದಿಕೆಯ ಮೇಲೆ ಯಾರೋ ಎಸೆದ ಬಾವಲಿಯ ತಲೆಯನ್ನು ರಬ್ಬರಿನದು ಅಂದುಕೊಂಡು ಕಚ್ಚಿಬಿಟ್ಟಿದ್ದ, ಅದರ ನೆನಪಿಗೆ. (ಏಕವಚನ ಬಳಸ್ತಾ ಇದ್ದೀನಿ ಅಂತ ಬೇಸರ ಬೇಡ. ಅಲ್ಲಿ ಯಾರ ಬಾಯಲ್ಲೂ 'ಮಿಸ್ಟರ್ ಓಸ್ಬೋರ್ನ್' ಬರಲಿಲ್ಲ. ನಾವೂ ಅಪ್ಪು ಅಂತಲೇ ಅಲ್ವಾ ಕರೆದದ್ದು.)

ಶವದ ಗಾಡಿಯ ಮುಂದೆ ಊರಿನದೇ ಒಂದು ಹಿತ್ತಾಳೆ ವಾದ್ಯದ ತಂಡ. ಹೆಸರು ಬಾಸ್ಟಿನ್ ಬ್ರಾಸ್. 'ಬಾಸ್ಟಿನ್' ಅಂದರೆ ಈ ಕಡೆಯ ಆಡುಮಾತಿನಲ್ಲಿ 'ಸೂಪರ್' ಅಂತ. ಭಾರೀ ಗಿಟಾರಿನ ಸಬ್ಬತ್ ಹಾಡುಗಳನ್ನು ಅವರು ತುತ್ತೂರಿಯಲ್ಲಿ ಊದುತ್ತಾ ನಡೆದರು. ಜನ ಚಪ್ಪಾಳೆ ಹೊಡೆದರು, ಹೆಸರು ಕೂಗಿದರು, ಕಣ್ಣೊರೆಸಿಕೊಂಡೇ ನಕ್ಕರು. ನನಗೆ ತಕ್ಷಣ ನೆನಪಾಗಿದ್ದು ನಮ್ಮ ಬೀದಿಯ ತಮಟೆ. ಚಿಕ್ಕವನಿದ್ದಾಗ ತಮಟೆ ಬಡಿತಕ್ಕೆ ಕುಣಿಯುತ್ತಾ ಹೆಣ ಹೊತ್ತು ಹೋಗುವವರನ್ನು ಗೇಟಿನ ಸಂದಿಯಿಂದ ನೋಡುತ್ತಿದ್ದೆ. ಒಳಗೆ ಬಾ ಅಂತ ಅಜ್ಜಿ ಗದರುತ್ತಿದ್ದಳು. ಸಾವಿಗೆ ಕುಣಿಯೋದು ನಮಗೆ ಹೊಸದೇನಲ್ಲ. ದೊಡ್ಡವರು ಸತ್ತಾಗ ಮಾತ್ರ ಅದು ಮರೆತುಹೋಗುತ್ತೆ.

ದೊಡ್ಡವರು ಸತ್ತಾಗ ನಮ್ಮೂರಲ್ಲಿ ಏನಾಗುತ್ತೆ ಅನ್ನೋದನ್ನು ನಾನು ನಡೆದು ನೋಡಿದವನು. 2006ರ ಏಪ್ರಿಲ್ 12, ಅಣ್ಣಾವ್ರು ಹೋದ ದಿನ. ಬಸ್ಸಿಲ್ಲ, ಆಟೋ ಇಲ್ಲ, ಶಟರ್‌ಗಳೆಲ್ಲ ಕೆಳಗೆ. ಕಾರ್ಪೊರೇಷನ್ನಿನಿಂದ ಬನಶಂಕರಿಯವರೆಗೆ ನಡೆದೆ. ಮರುದಿನ ಅಂತ್ಯಯಾತ್ರೆಯ ಗಲಾಟೆಯಲ್ಲಿ ಜನವೇ ಸತ್ತರು. ಹದಿನೈದು ವರ್ಷದ ನಂತರ ಅಪ್ಪು ಹೋದಾಗ ಇಲ್ಲಿಂದಲೇ ಫೋನಿನಲ್ಲಿ ನೋಡಿದೆ. ಕಂಠೀರವ ಸ್ಟೇಡಿಯಮ್ಮಿನ ಮುಂದೆ ಲಕ್ಷಾಂತರ ಜನರ ಸಾಲು. ಆ ಸಲ ಜನ ಎಷ್ಟು ತಾಳ್ಮೆಯಿಂದ ನಿಂತಿದ್ದರು! ಅಪ್ಪುವಿನ ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು, ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಬ್ರಾಡ್ ಸ್ಟ್ರೀಟಿನಲ್ಲಿ ಅಂಥದ್ದೇನೂ ಕಾಣಲಿಲ್ಲ. ಮುಖವೂ ಕಾಣಲಿಲ್ಲ. ಗಾಡಿ ಬಂತು, ಸೇತುವೆಯ ಹತ್ತಿರ ನಿಂತಿತು. ಹೆಂಡತಿ ಶಾರನ್, ಮಕ್ಕಳು ಇಳಿದು ಹೂವು ನೋಡಿದರು, ಹೊರಟರು. ಅಷ್ಟೇ. ಕೊನೇ ಸಲ ಮುಖ ನೋಡದೆ ಹೋಗೋದು ನನಗಂತೂ ಅರೆಬರೆ ಅನಿಸಿತು.

ಆದರೆ ಆಮೇಲೆ ಹೊಳೆಯಿತು, ಈ ಊರು ಅಂತಿಮ ದರ್ಶನವನ್ನು ಮೊದಲೇ ಮುಗಿಸಿತ್ತು. ಜುಲೈ 5ರಂದು, ಸಾಯುವ ಹದಿನೇಳು ದಿನ ಮುಂಚೆ, ವಿಲ್ಲಾ ಪಾರ್ಕಿನಲ್ಲಿ. ಅವನು ಬೆಳೆದ ಆಸ್ಟನ್ನಿನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಮೈದಾನ ಅದು. 76 ವರ್ಷ, ಪಾರ್ಕಿನ್ಸನ್ಸ್ ಕಾಯಿಲೆ, ನಿಲ್ಲಲು ಆಗುತ್ತಿರಲಿಲ್ಲ. ಕರಿ ಸಿಂಹಾಸನದ ಮೇಲೆ ಕೂತೇ ಹಾಡಿದ. ಸಬ್ಬತ್‌ನ ಮೊದಲಿನ ನಾಲ್ವರೂ ಇಪ್ಪತ್ತು ವರ್ಷದ ನಂತರ ಒಟ್ಟಿಗೆ ವೇದಿಕೆಗೆ ಬಂದರು. ಅವರನ್ನು ಕೇಳುತ್ತಾ ಬೆಳೆದ ಬ್ಯಾಂಡುಗಳೆಲ್ಲ ಬಂದು ಅವನ ಮುಂದೆ ನುಡಿಸಿ ಹೋದವು. 2011ರಲ್ಲಿ ನಮ್ಮ ಪ್ಯಾಲೇಸ್ ಗ್ರೌಂಡ್ಸ್‌ಗೆ ಬಂದಿದ್ದ ಮೆಟಾಲಿಕಾ ಕೂಡ. ದುಡ್ಡು ಹೋಗಿದ್ದು ಪಾರ್ಕಿನ್ಸನ್ಸ್ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ, ಮಕ್ಕಳ ಆರೈಕೆ ಮನೆಗೆ. ನನಗೆ ಟಿಕೆಟ್ ಸಿಕ್ಕಿರಲಿಲ್ಲ. ಆಸ್ಟನ್ನಿನ ಒಂದು ಗಲ್ಲಿಯಲ್ಲಿ, ಚಿಪ್ಸ್ ಪೊಟ್ಟಣ ಹಿಡಿದು, ಗೋಡೆಯಾಚೆಯಿಂದ ಬರುವ ಸದ್ದು ಕೇಳುತ್ತಾ ನಿಂತಿದ್ದೆ.

ನನಗೆ ಹೊಟ್ಟೆಕಿಚ್ಚಾಗೋದು ಇಲ್ಲೇ. ನಾವು ಎಲ್ಲ ಪ್ರೀತಿಯನ್ನೂ ಹೆಣದ ಮುಂದೆ ಸುರಿಯುತ್ತೇವೆ, ಕೇಳಿಸಿಕೊಳ್ಳಬೇಕಾದವನು ಕೇಳದಿದ್ದಾಗ. ಬದುಕಿದ್ದಾಗ ಮಾಡೋದು ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಮಂತ್ರಿಗಳು ಬರುವುದು ಎರಡು ಗಂಟೆ ತಡ, ಹಾಡಿದವರಿಗೆ ಕೊನೆಯಲ್ಲಿ ಎರಡು ಮಾತಾಡಲು ಐದು ನಿಮಿಷ. ಓಝಿಗೂ ಜೂನ್ ಕೊನೆಯಲ್ಲಿ ನಗರದ ಗೌರವ ಸಿಕ್ಕಿತು, ಇಲ್ಲ ಅನ್ನಲ್ಲ. ಆದರೆ ಜನ ನೆನಪಿಟ್ಟುಕೊಳ್ಳೋದು ಸಿಂಹಾಸನವನ್ನು.

ಇನ್ನೊಂದು ವಿಷಯ. ಇಲ್ಲಿ ಅವನನ್ನು ಯಾರೂ ದೇವರು ಮಾಡಲಿಲ್ಲ. ಕಸಾಯಿಖಾನೆಯಲ್ಲಿ ಕೆಲಸ ಮಾಡಿದ್ದು, ಕಳ್ಳತನ ಮಾಡಿ ಜೈಲಿಗೆ ಹೋಗಿದ್ದು, ಕುಡಿತ, ಮಾದಕ ವಸ್ತು, ಎಲ್ಲವನ್ನೂ ಸೇತುವೆಯ ಮೇಲೆ ಮನೆಮಗನ ಕತೆಯ ಹಾಗೆ ಹೇಳಿಕೊಳ್ಳುತ್ತಿದ್ದರು. ಇದು ಕಾರ್ಖಾನೆಗಳ ಊರು. ಬ್ಯಾಂಡಿನ ಗಿಟಾರ್‌ವಾದಕ ಟೋನಿ ಅಯೋಮಿ ಹದಿನೇಳರ ಪ್ರಾಯದಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳಿನ ತುದಿ ಕೊಟ್ಟವರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಹೆವಿ ಮೆಟಲ್ ಅನ್ನೋ ರಾಕ್ ಸಂಗೀತದ ಆ ದಪ್ಪ ಸದ್ದಿನಲ್ಲಿ ಆ ಗಾಯವೂ ಇದೆ. ಇದು ಇಲ್ಲಿ ಟ್ಯಾಕ್ಸಿ ಓಡಿಸುವವರಿಗೂ ಗೊತ್ತು. ನಮ್ಮಲ್ಲಿ ನಟನ ಬಗ್ಗೆ ಒಂದು ತಮಾಷೆ ಮಾಡಿ ನೋಡಿ, ಅಷ್ಟೇ ಕತೆ.

ಮಾರನೇ ದಿನ ಅಮ್ಮ ಮತ್ತೆ ಫೋನ್ ಮಾಡಿದಳು. "ಹೂವಾದ್ರೂ ಇಟ್ಟು ಬಂದ್ಯಾ?" ಇಟ್ಟಿರಲಿಲ್ಲ. ಶನಿವಾರ ನಮ್ಮವರ ಅಂಗಡಿಗಳಿರುವ ಸೋಹೋ ರೋಡಿಗೆ ಹೋಗಿ ಒಂದು ಚೆಂಡುಹೂವಿನ ಹಾರ ತಂದೆ. ಸೇತುವೆಯ ಮೇಲಿನ ಗುಲಾಬಿಗಳೆಲ್ಲ ಆಗಲೇ ಬಾಡಿದ್ದವು. ಹಾರ ಎಲ್ಲಿಡಬೇಕೋ ತಿಳಿಯದೆ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು, ಅಮ್ಮನ ವಯಸ್ಸಿನವರು, ಕಪ್ಪು ಟೀ ಶರ್ಟ್ ಹಾಕಿದ್ದರು, ಏನೂ ಕೇಳದೆ ಎರಡು ಬಿಯರ್ ಕ್ಯಾನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು.